ಕೇಬಲ್ಲಿಗೆ ಎರೆದ ತನಿ

ಜುಲೈ 14, ಸೋಮವಾರ

ಬೆಳಿಗ್ಗೆ ಗಿರಣಿಯ ಷಟರ್ ಎತ್ತಿ ನೋಡಿದರೆ ಎದುರಿಗೆ ರಸ್ತೆಯೇ ಇಲ್ಲ. ಜೆಸಿಬಿ ಬಂದು ಮೂಲೆಯಿಂದ ಮೂಲೆಗೆ ಬಗೆದು ಹಾಕಿದೆ. ಕಂಬದ ಮೇಲೆ ನೇತಾಡುವ ಕರೆಂಟ್ ತಂತಿಗಳನ್ನೆಲ್ಲ ತೆಗೆದು ನೆಲದೊಳಗೆ ಕೇಬಲ್ ಹಾಕುತ್ತಾರಂತೆ. ಇನ್ನು ಮೇಲೆ ಕೊಂಬೆ ಬಿದ್ದರೂ ಕರೆಂಟ್ ಹೋಗುವುದಿಲ್ಲವಂತೆ. ಕೊಂಬೆ ಬಿದ್ದು ಹೋದ ಕರೆಂಟ್ ಸಂಜೆಗಾದರೂ ಬರುತ್ತಿತ್ತು. ಈಗ ಹೋಗದ ಹಾಗೆ ಮಾಡುವುದಕ್ಕೆ ಒಟ್ಟಿಗೇ ತೆಗೆದುಬಿಟ್ಟಿದ್ದಾರೆ.

ಮನೆಗಳಿಗೆ ಪಕ್ಕದ ರಸ್ತೆಯ ಕಂಬದಿಂದ ಒಂದೊಂದು ಎಳೆ ಕೊಟ್ಟಿದ್ದಾರೆ. ಫ್ಯಾನ್ ತಿರುಗುತ್ತದೆ, ಟಿವಿ ಬರುತ್ತದೆ. ನನ್ನ ಗಿರಣಿಯ ಮೋಟರಿಗೆ ಮಾತ್ರ ಮೂರು ಫೇಸ್ ಬೇಕು, ಅದು ಹೊಸ ಕೇಬಲ್ ಬಂದ ಮೇಲೆಯೇ ಎಂದು ಕಂಟ್ರಾಕ್ಟರ್ ಕಡೆಯ ಸೂಪರ್‌ವೈಸರ್ ಗೋಪೀನಾಥ್ ಹೇಳಿದರು. ಯಾವಾಗ ಎಂದು ಕೇಳಿದ್ದಕ್ಕೆ "ಆಗುತ್ತೆ ಮೇಡಂ" ಎಂದರು. ಮದುವೆಯಾಗಿ ಬಂದಾಗಿನಿಂದ ಅನ್ನಪೂರ್ಣೇಶ್ವರಿ ನಗರದಲ್ಲೇ ಇದ್ದೇನೆ. 'ಆಗುತ್ತೆ' ಎಂದರೆ ಏನೆಂದು ನನಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಗಿರಣಿ ಪಕ್ಕದ ಬೇವಿನ ಮರದ ಬುಡದಲ್ಲಿದ್ದ ಹುತ್ತವನ್ನೂ ಜೆಸಿಬಿ ಎತ್ತಿ ಲಾರಿಗೆ ತುಂಬಿತು. ಅತ್ತೆ ಮಹಡಿಯ ಮೇಲೆ ನಿಂತು ನೋಡುತ್ತಿದ್ದರು. ಬೀದಿನಾಯಿ ಕೆಮ್ಮಿದರೂ ಜಗಳ ತೆಗೆಯುವ ನಮ್ಮ ಈ ವೆಂಕಟಲಕ್ಷ್ಮಮ್ಮನವರು ಇವತ್ತು ಒಂದು ಮಾತೂ ಆಡದೆ ಒಳಗೆ ಹೋದರು. ವಯಸ್ಸಾಯಿತು, ಕೂಗಲು ಉಸಿರಿಲ್ಲ ಎಂದುಕೊಂಡೆ.

ಮೋಟರ್ ನಿಂತು ಕೈ ಖಾಲಿ. ಬ್ಯಾಂಕಿನವರು ಕೊಟ್ಟಿದ್ದ ಈ ಡೈರಿಯನ್ನು ಜನವರಿಯಿಂದ ಹಿಟ್ಟಿನ ಡಬ್ಬಿಗೆ ಮುಚ್ಚಳ ಮಾಡಿಕೊಂಡಿದ್ದೆ. ಇವತ್ತು ಕೊಡವಿ ಬರೆಯುತ್ತಿದ್ದೇನೆ.

ಜುಲೈ 16, ಬುಧವಾರ

ಮೈದುನ ಭೈರೇಶ ಬಂದಿದ್ದ. ಜೊತೆಗೆ ಟೇಪು ಹಿಡಿದ ಒಬ್ಬ ಮನುಷ್ಯ. ಗಿರಣಿಯ ಗೋಡೆಯಿಂದ ಗೋಡೆಗೆ ಅಳೆದರು. ಮೋಮೋ ಅಂಗಡಿ ಮಾಡುತ್ತಾರಂತೆ. ನಾನು ಅಲ್ಲೇ ಕುಳಿತಿದ್ದೆ. ನನ್ನ ಕಾಲಿನ ಮೇಲೂ ಟೇಪು ಎಳೆದರು.

ಕಟ್ಟಡ ಅತ್ತೆಯದು. ಇದೆಲ್ಲ ಹಳ್ಳಿಯಾಗಿದ್ದಾಗ ಈ ರಸ್ತೆಯೂ ಸೇರಿ ಅವರ ಮಾವನ ರಾಗಿಹೊಲವಂತೆ. ಅದನ್ನು ಅವರು ದಿನಕ್ಕೊಂದು ಸಲವಾದರೂ ರಸ್ತೆಗೆ ಕೇಳುವ ಹಾಗೆ ಹೇಳುತ್ತಾರೆ. ನನ್ನ ಯಜಮಾನರು ಚನ್ನಕೇಶವ ಇಲ್ಲಿ ಗಿರಣಿ ಹಾಕಿದರು. ಅವರು ಹೋದ ಮೇಲೆ ನಾನು ಬೆಲ್ಟ್ ಹಾಕುವುದು, ಕಲ್ಲಿಗೆ ಉಳಿ ಹೊಡೆಸುವುದು ಎಲ್ಲ ಕಲಿತೆ. ಭೈರೇಶನಿಗೆ ಇದು ಬರೀ ದೂಳು ಮತ್ತು ಗಲಾಟೆ.

ಅತ್ತೆ ಪಂಚಾಯ್ತಿ ಮಾಡಿದರು. "ಗಣೇಶನ ಹಬ್ಬದವರೆಗೂ ನೋಡೋಣ. ಹಬ್ಬದ ಹಿಟ್ಟು ಬೀಸಿದ್ರೆ ಗಿರಣಿ. ಬೀಸಲಿಲ್ಲ ಅಂದ್ರೆ ಭೈರೇಶ ಹೇಳಿದ ಹಾಗೆ." ನಿಂತ ಗಿರಣಿ ಮನೆಗೆ ದರಿದ್ರವಂತೆ.

ಈ ಗಿರಣಿಯ ಮೇಲೆ ನನಗೇನೂ ಪ್ರೀತಿಯಿಲ್ಲ. ಇದರ ಸದ್ದಿಗೆ ಒಂದು ಕಿವಿ ಅರ್ಧ ಹೋಗಿದೆ. ಆದರೆ ಮೋಮೋದವನಿಗೆ ಬಿಟ್ಟುಕೊಡುವಷ್ಟು ವೈರಾಗ್ಯವೂ ಬಂದಿಲ್ಲ. ಮನೆಯೊಳಗೆ ಕುಳಿತು ಅತ್ತೆಯ ಜೊತೆ ಧಾರಾವಾಹಿ ನೋಡುವ ದಿನ ಬಂದರೆ ನಾನು ಆ ಗುಂಡಿಗೇ ಇಳಿದು ಮಣ್ಣು ಎಳೆದುಕೊಳ್ಳುತ್ತೇನೆ.

ಜುಲೈ 19, ಶನಿವಾರ

ಅಗೆಯುವವರದು ದೊಡ್ಡ ಉಪದ್ರ. ಸಿಂದಗಿ ಕಡೆಯವರಂತೆ. ನನ್ನ ಗಿರಣಿಯ ಜಗಲಿಯ ಮೇಲೆಯೇ ಮೂರು ಕಲ್ಲಿಟ್ಟು ಒಲೆ ಹೂಡಿದ್ದಾರೆ. ಎತ್ತಿ ಎಂದು ಬೈದೆ. ಅವರಲ್ಲೊಬ್ಬಳು, ಹೊನ್ನವ್ವ ಅಂತ, "ಆತ್ರಿ ಅಕ್ಕಾರ" ಎಂದು ಬಹಳ ವಿನಯವಾಗಿ ಹೇಳಿ ಒಲೆಯನ್ನು ಒಂದು ಗೇಣು ಆಚೆಗೆ ಸರಿಸಿದಳು. ಅವಳ ಗಂಡ ಮಡಿವಾಳಪ್ಪನೇ ಕೇಬಲ್ ಜಾಯಿಂಟ್ ಮಾಡುವವನು. ಅಂಗಿಯ ಜೇಬಿನಲ್ಲಿ ಫೋಟೊ ಇರುವ ಕಾರ್ಡು ಇಟ್ಟುಕೊಂಡಿದ್ದಾನೆ. ಆ ಕಾರ್ಡು ಇಲ್ಲದವರು ಜಾಯಿಂಟ್ ಮುಟ್ಟುವ ಹಾಗಿಲ್ಲವಂತೆ. ಅವನು ಬಾಯಿ ಬಿಡುವುದು ಕಡಿಮೆ. ಅವನ ಪಾಲಿನದನ್ನೂ ಅವಳೇ ಮಾತಾಡುತ್ತಾಳೆ.

ಸಂಜೆ ಒಂದು ಚೀಲ ಜೋಳ ತಂದು ಬೀಸಿಕೊಡುತ್ತೀರಾ ಎಂದಳು. ನಮ್ಮದು ಅಕ್ಕಿ, ರಾಗಿ, ಗೋಧಿಯ ಕಲ್ಲು. ಮೊದಲು ಹಾಕಿದವರ ಹಿಟ್ಟಿನ ಬಾಲ ಆಮೇಲಿನವರ ಡಬ್ಬಿಗೆ ಸೇರುತ್ತದೆ. ಅದಕ್ಕೇ ಇಲ್ಲಿ ಅಕ್ಕಿಯ ಹಿಂದೆ ಅಕ್ಕಿ, ರಾಗಿಯ ಹಿಂದೆ ರಾಗಿ. ನಮ್ಮ ಬೀದಿಯ ಹೆಂಗಸರು ಗಂಡ ಬದಲಾದರೂ ಸಹಿಸಿಯಾರು, ಅಕ್ಕಿಹಿಟ್ಟಿನಲ್ಲಿ ರಾಗಿ ಕಂಡರೆ ಡಬ್ಬಿ ನನ್ನ ಮುಖಕ್ಕೆ ಎಸೆಯುತ್ತಾರೆ. ಇನ್ನು ಜೋಳ. ಮೊದಲು ಕರೆಂಟ್ ಬರಲಿ, ಎಲ್ಲರದೂ ಆದ ಮೇಲೆ ಕೊನೆಗೆ ನೋಡುತ್ತೇನೆ ಎಂದೆ.

"ಕರೆಂಟ್ ತರಾವ್ರು ನಾವ ಅದೀವಲ್ರಿ," ಎಂದು ನಕ್ಕು, ಚೀಲವನ್ನು ನನ್ನ ತಕ್ಕಡಿಯ ಪಕ್ಕ ಒರಗಿಸಿ ಹೋದಳು. ಇರಲಿ ಎಂದು ಬಿಟ್ಟಿದ್ದೇನೆ.

ಜುಲೈ 23, ಬುಧವಾರ

ಕೇಬಲ್ ಎಳೆದರು. ದೊಡ್ಡ ಮರದ ಗಾಲಿಗೆ ಸುತ್ತಿಕೊಂಡು ಬಂದಿತ್ತು. ಕಪ್ಪಗೆ, ನುಣ್ಣಗೆ, ನನ್ನ ತೋಳಿನಷ್ಟು ದಪ್ಪ. ಸಾಲಾಗಿ ನಿಂತು ಹೆಗಲು ಕೊಟ್ಟು ಎಳೆದರೆ ತಾನೇ ಬಿಲಕ್ಕೆ ಹೋಗುವ ಹಾಗೆ ಗುಂಡಿಯೊಳಗೆ ಹರಿದು ಹೋಯಿತು. ಅತ್ತೆ ಮಹಡಿಯಿಂದ ಕಣ್ಣು ಕೀಳದೆ ನೋಡಿದರು.

ಒಂದು ಗಾಲಿಯ ಕೇಬಲ್ ಮುಗಿಯುವುದು ಸರಿಯಾಗಿ ನಮ್ಮ ಬೇವಿನ ಮರದ ಹತ್ತಿರ. ಅಲ್ಲೇ ಇನ್ನೊಂದನ್ನು ಸೇರಿಸಿ ಜಾಯಿಂಟ್ ಮಾಡಬೇಕು. ಅಗಲದ ಗುಂಡಿ ತೋಡಿದ್ದಾರೆ.

ಹೊನ್ನವ್ವ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟಳು. ರೊಟ್ಟಿ ಹೆಂಚಿನ ಚೂರಿನ ಹಾಗೆ ಗಟ್ಟಿ. ಮೂರು ತಿಂದೆ.

ಜುಲೈ 28, ಸೋಮವಾರ

ಇವತ್ತು ಜಾಯಿಂಟ್ ಶುರುವಾಯಿತು. ನೋಡುವ ಹಾಗಿತ್ತು. ಮಡಿವಾಳಪ್ಪ ಗುಂಡಿಯ ಮೇಲೆ ಛತ್ರಿ ಕಟ್ಟಿಸಿ, ಬೆವರು ಬೀಳದಿರಲೆಂದು ಹಣೆಗೆ ಬಟ್ಟೆ ಬಿಗಿದು ಕುಳಿತ. ಮೇಲಿನ ಕಪ್ಪು ಸಿಪ್ಪೆ, ಅದರೊಳಗೆ ತಾಮ್ರದ ಪಟ್ಟಿ, ಮತ್ತೆ ಕಪ್ಪು, ಅದರೊಳಗೆ ಹಾಲಿನಂಥ ಬಿಳಿ ಹೊದಿಕೆ. ಈ ಬಿಳಿಯೇ ಕರೆಂಟನ್ನು ಹಿಡಿದಿಡುವುದು, ಅದಕ್ಕೆ ಒಂದು ಹನಿ ನೀರು ತಾಗಿದರೂ ಒಳಗೊಳಗೇ ಕೊರೆದು ಒಂದು ದಿನ ಸಿಡಿಯುತ್ತದೆ ಎಂದು ಹೊನ್ನವ್ವ ಹೇಳಿದಳು. ಹಿಡಿದ ಜಾಯಿಂಟನ್ನು ಮುಗಿಸಿಯೇ ಏಳಬೇಕಂತೆ. ಅವನು ಊಟಕ್ಕೂ ಏಳಲಿಲ್ಲ.

ಏಳಿಸಿದವನು ನಮ್ಮ ಭೈರೇಶ. ಹಿಂದೆ ನಾಲ್ಕು ಜನ ಹುಡುಗರನ್ನು ಕಟ್ಟಿಕೊಂಡು ಬಂದು, ಗುಂಡಿ ತಮ್ಮ ಜಾಗಕ್ಕೆ ಒಂದಡಿ ಬಂದಿದೆ, ಅಳತೆಯಾಗುವವರೆಗೆ ಯಾರೂ ಕೈ ಹಾಕುವ ಹಾಗಿಲ್ಲ ಎಂದು ಪ್ಲಾಸ್ಟಿಕ್ ಕುರ್ಚಿ ಹಾಕಿ ಕುಳಿತ. ಗೋಪೀನಾಥ್ ಕೈ ಮುಗಿದರು. ಮಡಿವಾಳಪ್ಪ ಗುಂಡಿಯೊಳಗಿಂದಲೇ, ಇದೊಂದು ಮುಗಿಸುತ್ತೇನೆ ಸಾಹೇಬರೇ ಎಂದು ಬೇಡಿದ. ಭೈರೇಶ ಫೋನ್ ನೋಡುತ್ತ ಕುಳಿತಿದ್ದ. ಕೊನೆಗೆ ಬಿಚ್ಚಿದ ತುದಿಗಳಿಗೆ ಪ್ಲಾಸ್ಟಿಕ್ ಸುತ್ತಿ, ಮೇಲೆ ಟಾರ್ಪಾಲು ಹೊದಿಸಿ, ಎಲ್ಲರೂ ಕರೆಂಟ್ ಆಫೀಸಿಗೆ ಹೋದರು. ಮೋಟರ್ ತಿರುಗುವುದು ತಡವಾದಷ್ಟೂ ಅವನಿಗೆ ಲಾಭ. ಅದಕ್ಕೆ ಅಳತೆ ಯಾಕೆ ಬೇಕು.

ಜುಲೈ 29, ಮಂಗಳವಾರ, ನಾಗರ ಪಂಚಮಿ

ನಾನು ಏಳುವ ಹೊತ್ತಿಗೆ ಅತ್ತೆ ಸ್ನಾನ ಮಾಡಿ, ಒದ್ದೆ ತಲೆಗೆ ಟವೆಲು ಸುತ್ತಿ ಹೊರಗಿಂದ ಬರುತ್ತಿದ್ದರು. ಕೈಯಲ್ಲಿ ಹಿತ್ತಾಳೆ ಚೊಂಬು, ಖಾಲಿ. ಬೆರಳಿಗೆಲ್ಲ ಅರಿಶಿನ. ತನಿ ಎರೆದು ಬಂದಿರಾ ಎಂದು ಕೇಳಿದೆ. ಪ್ರತಿ ವರ್ಷ ಪಂಚಮಿಗೆ ಹುತ್ತಕ್ಕೆ ಹಾಲು ತುಪ್ಪ ಎರೆಯುವುದು ಅವರ ನೇಮ. ನಾನು ಆ ಕಡೆ ತಲೆ ಹಾಕಿದವಳಲ್ಲ. ಹೂಂ ಎಂದು ಒಳಗೆ ಹೋದರು. ಹುತ್ತವೇ ಇಲ್ಲವಲ್ಲ, ಎಲ್ಲಿಗೆ ಎರೆದರು ಎಂದು ಆಗ ಹೊಳೆಯಲಿಲ್ಲ.

ಕಸ ಗುಡಿಸಲು ಹೋದಾಗ ಹೊಳೆಯಿತು. ಗುಂಡಿಯ ಅಂಚಿನಲ್ಲಿ ಎರಡು ಸೇವಂತಿಗೆ, ಊದುಬತ್ತಿಯ ಕಡ್ಡಿ. ಟಾರ್ಪಾಲನ್ನು ತೆಗೆದು ಮತ್ತೆ ನೀಟಾಗಿ ಹೊದಿಸಿದ್ದರು. ಮಡಿವಾಳಪ್ಪನ ಕೈಗಿಂತ ಚೆನ್ನಾಗಿ ಮಡಿಚಿದ್ದರು. ನಾನು ಹೂವು, ಕಡ್ಡಿ ಎರಡನ್ನೂ ಗುಡಿಸಿ ತೆಗೆದೆ.

ಭೈರೇಶನ ತಕರಾರು ಆಫೀಸಿನಲ್ಲಿ ನಿಲ್ಲಲಿಲ್ಲ. ಮಧ್ಯಾಹ್ನ ಎಲ್ಲರೂ ವಾಪಸು ಬಂದರು. ಮಡಿವಾಳಪ್ಪ ಹೊದಿಕೆ ಬಿಚ್ಚಿ, ಬೆರಳಿನಿಂದ ಮುಟ್ಟಿ, ಮೂಸಿ ನೋಡಿದ. ಹಿಂದಿನ ಸಂಜೆ ತುಂತುರು ಮಳೆಯಾಗಿತ್ತು. ಆಮೇಲೆ ನನ್ನನ್ನು ಕೇಳಿದ: "ಯಾರರ ಕೈ ಹಚ್ಚಿದ್ರೇನ್ರಿ ಇದಕ?"

ಇಲ್ಲ ಎಂದೆ.

ಹಬ್ಬಗಳು ಹತ್ತಿರ ಬರುತ್ತಿವೆ. ಮತ್ತೆ ಕತ್ತರಿಸಿ ಮೊದಲಿಂದ ಮಾಡಬೇಕೆಂದರೆ ಇನ್ನೆಷ್ಟು ದಿನವೋ. ಒಂದು ಚೊಂಬು ಹಾಲಿಗೆ ಏನಾದೀತು. ಅವನು ಬಟ್ಟೆಯಲ್ಲಿ ಒರೆಸಿ, ಬೆಂಕಿಯ ಶಾಖ ತೋರಿಸಿ, ಕೆಲಸ ಮುಗಿಸಿದ.

ಆಗಸ್ಟ್ 2, ಶನಿವಾರ

ಕರೆಂಟ್ ಬಂತು. ಯಂತ್ರ ಇಟ್ಟು ಪರೀಕ್ಷೆ ಮಾಡಿ ಪಾಸು ಎಂದರು, ಸ್ವಿಚ್ ಹಾಕಿದರು. ಮೋಟರ್ ಗುರ್ ಎಂದಾಗ ಮೈ ಜುಂ ಎಂದಿತು. ಸದ್ದಿಗೆ ಇರಬೇಕು.

ಆಗಸ್ಟ್ 6, ಬುಧವಾರ

ಬರೆಯಲು ಪುರುಸೊತ್ತಿಲ್ಲ. ಬೀದಿಯ ಡಬ್ಬಿಗಳೆಲ್ಲ ಬಾಗಿಲಲ್ಲಿ. ವರಮಹಾಲಕ್ಷ್ಮಿಗೆ ಗೋಧಿಹಿಟ್ಟು, ಅಕ್ಕಿಹಿಟ್ಟು. ಹೊನ್ನವ್ವ ಎರಡು ಸಲ ಬಂದು ತನ್ನ ಚೀಲವನ್ನು ನೋಡಿ ಹೋದಳು. ನಾಳೆ ಎಂದಿದ್ದೇನೆ.

ಆಗಸ್ಟ್ 8, ಶುಕ್ರವಾರ, ವರಮಹಾಲಕ್ಷ್ಮಿ

ಹನ್ನೊಂದರ ಹೊತ್ತಿಗೆ ಢಂ ಎಂದು ಸದ್ದಾಯಿತು. ಬೇವಿನ ಮರದ ಬುಡದಲ್ಲಿ ಮಣ್ಣು ಹಾರಿ ನನ್ನ ಜಗಲಿಯವರೆಗೆ ಬಂತು. ಯಾರಿಗೂ ಏನೂ ಆಗಲಿಲ್ಲ. ಇಡೀ ಬೀದಿಯ ಕರೆಂಟ್ ಹೋಯಿತು. ಲಕ್ಷ್ಮಿಯ ಹಿಂದೆ ಹಾಕಿದ್ದ ಮಿಣುಕು ದೀಪಗಳೆಲ್ಲ ಒಟ್ಟಿಗೆ ಆರಿದವು. ಅಷ್ಟೊಂದು ಒಡವೆ ಹೇರಿಕೊಂಡು ಮಹಾತಾಯಿ ಕತ್ತಲಲ್ಲಿ ಕುಳಿತಳು.

ಗುಂಡಿಯಿಂದ ಪ್ಲಾಸ್ಟಿಕ್ ಸುಟ್ಟ ನಾತ ಬರುತ್ತಿತ್ತು. ಅದರೊಳಗೆ ಕಾಯಿಸಿದ ತುಪ್ಪದ ವಾಸನೆಯೂ ಇದ್ದ ಹಾಗಿತ್ತು. ಬೇರೆ ಯಾರೂ ಹಾಗೆ ಹೇಳಲಿಲ್ಲ, ನನ್ನ ಭ್ರಮೆಯೇ ಇರಬೇಕು.

ಆಗಸ್ಟ್ 9, ಶನಿವಾರ

ಮನೆಗಳಿಗೆ ಮೊದಲಿನ ಹಾಗೆ ಪಕ್ಕದ ರಸ್ತೆಯಿಂದ ಎಳೆ ಕೊಟ್ಟರು, ನನ್ನ ಮೋಟರಿಗೆ ಮಾತ್ರ ಇಲ್ಲ. ಮತ್ತೆ ಅಗೆದು ಸುಟ್ಟ ಜಾಯಿಂಟನ್ನು ಕತ್ತರಿಸಿ ರಸ್ತೆಯ ಮೇಲೆ ಇಟ್ಟರು. ಗೋಪೀನಾಥ್ ಅದನ್ನು ಬೂಟಿನಿಂದ ಹೊರಳಿಸಿ, ಕೆಲಸ ಸರಿಯಿಲ್ಲ, ಇವನು ಒಳಗೆ ತೇವ ಬಿಟ್ಟಿದ್ದಾನೆ ಎಂದರು. ಮಡಿವಾಳಪ್ಪ ಒಂದೇ ಮಾತು ಹೇಳಿದ, ನಾನು ಬಿಟ್ಟಿಲ್ಲರಿ. ಕಂಟ್ರಾಕ್ಟರು ಫೋನಿನಲ್ಲೇ ತೀರ್ಮಾನ ಮಾಡಿದರಂತೆ. ಕಾರ್ಡು ಕಿತ್ತುಕೊಂಡು ಇವರನ್ನು ಸೋಮವಾರ ಟೆಂಪೊ ಹತ್ತಿಸುವುದು, ಕೆಂಗೇರಿಯಲ್ಲಿರುವ ಬೇರೆ ಗ್ಯಾಂಗನ್ನು ಕರೆಸಿ ಹಬ್ಬದೊಳಗೆ ಮುಗಿಸುವುದು. ಆ ಕಾರ್ಡು ಹೋದರೆ ಅವನು ಇನ್ನು ಜೀವನವಿಡೀ ಗುದ್ದಲಿ ಹಿಡಿಯಬೇಕು ಎಂದು ಹೊನ್ನವ್ವ ಹೇಳಿದಳು. ಅಳಲಿಲ್ಲ. ಅತ್ತಿದ್ದರೆ ಬೈದು ಸಮಾಧಾನ ಮಾಡಬಹುದಿತ್ತು.

ಲೆಕ್ಕ ಸರಳವಾಗಿದೆ. ನಾನು ಬಾಯಿ ಮುಚ್ಚಿಕೊಂಡರೆ ಕರೆಂಟ್ ಬರುತ್ತದೆ, ಗಿರಣಿ ಉಳಿಯುತ್ತದೆ. ಬಾಯಿ ಬಿಟ್ಟರೆ ಅತ್ತೆಯ ಮಾನ ಬೀದಿಗೆ ಬೀಳುತ್ತದೆ. ಸೊಸೆ ಬೀದಿಯಲ್ಲಿ ನಿಲ್ಲಿಸಿದಳು ಎಂದಾದರೆ ಅವರು ಆವತ್ತೇ ಮೋಮೋದವನಿಗೆ ಬೀಗದ ಕೈ ಕೊಡುತ್ತಾರೆ. ಅಗೆಯುವವರು ಇವತ್ತು ಇರುತ್ತಾರೆ, ನಾಳೆ ಹೋಗುತ್ತಾರೆ. ನನಗೇನು ಅವರು ನೆಂಟರೇ.

ಆಗಸ್ಟ್ 10, ಭಾನುವಾರ

ಬರೆಯುವಂಥದ್ದೇನೂ ಇಲ್ಲ. ಹೊನ್ನವ್ವ ಪಾತ್ರೆ ತೊಳೆದು ಗೋಣಿಗೆ ತುಂಬುತ್ತಿದ್ದಳು. ಜೋಳದ ಚೀಲ ಇನ್ನೂ ತಕ್ಕಡಿಯ ಪಕ್ಕದಲ್ಲೇ ಇದೆ.

ಆಗಸ್ಟ್ 11, ಸೋಮವಾರ

ಟೆಂಪೊ ಬಂದಿತ್ತು. ಬೀದಿಯವರೆಲ್ಲ ಗೇಟಿನಲ್ಲಿ ನಿಂತಿದ್ದರು. ಭೈರೇಶನೂ ಇದ್ದ. ನಾನು ಜೋಳದ ಚೀಲ ವಾಪಸು ಕೊಡೋಣ ಎಂದು ಹೊರಗೆ ಹೋದೆ, ಅಷ್ಟೇ. ಗೋಪೀನಾಥ್ ಕೈ ಚಾಚಿ ನಿಂತಿದ್ದರು. ಮಡಿವಾಳಪ್ಪ ಜೇಬಿನಿಂದ ಕಾರ್ಡು ತೆಗೆದು, ಅಂಗಿಯ ತುದಿಗೆ ಒರೆಸಿ ಕೊಡಲು ಹೋದ. ಕಿತ್ತುಕೊಳ್ಳುವವರ ಕೈಗೆ ಯಾರಾದರೂ ಒರೆಸಿ ಕೊಡುತ್ತಾರೆಯೇ. ನನಗೆ ಸಿಟ್ಟು ಬಂತು.

"ಸಾರ್, ಜಾಯಿಂಟಿಗೆ ಹಾಲು ಬಿದ್ದಿತ್ತು," ಎಂದೆ.

ಗೋಪೀನಾಥ್ ಅರ್ಥವಾಗದೆ ನೋಡಿದರು. ಅತ್ತೆಯ ಹೆಸರು ನಾಲಿಗೆಯ ತುದಿಗೆ ಬಂದಿತ್ತು. ಮೇಲೆ ನೋಡಿದೆ. ಮಹಡಿಯಲ್ಲಿ ನಿಂತಿದ್ದರು, ಬಿಳಿ ತಲೆಗೂದಲು ಮಾತ್ರ ಕಾಣುತ್ತಿತ್ತು. ಬಾಯಿಂದ ಬೇರೆಯೇ ಮಾತು ಬಂತು.

"ನಾನೇ ಎರೆದದ್ದು. ಪಂಚಮಿ ದಿನ. ಇಲ್ಲಿ ಹುತ್ತ ಇತ್ತಲ್ಲ, ಅದಕ್ಕೆ. ಇವರು ಕೇಳಿದಾಗ ಯಾರೂ ಮುಟ್ಟಿಲ್ಲ ಅಂತ ಸುಳ್ಳು ಹೇಳಿದೆ. ಇವರ ತಪ್ಪಿಲ್ಲ."

ಯಾರೋ ಕಿಸಕ್ಕನೆ ನಕ್ಕರು. ಅಷ್ಟರಲ್ಲಿ ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು. ಮಂಡಿನೋವು ಎಂದು ತಿಂಗಳಿಂದ ಕೆಳಗಿಳಿಯದೆ ಎಲ್ಲವನ್ನೂ ಮೇಲಕ್ಕೇ ತರಿಸಿಕೊಳ್ಳುತ್ತಿದ್ದ ಅತ್ತೆ ದಡದಡನೆ ಇಳಿದು ಬಂದರು. ಪಂಚಮಿಯ ದಿನ ಮಾತ್ರ ಆ ಮಂಡಿಗೆ ನೋವಿರಲಿಲ್ಲ.

"ಯಾರು, ಇವಳಾ?" ಎಂದರು. "ಈ ಮನೆಗೆ ಬಂದಾಗಿನಿಂದ ಹುತ್ತಕ್ಕೆ ಒಂದು ತೊಟ್ಟು ನೀರು ಹಾಕಿದವಳಲ್ಲ. ಪಂಚಮಿ ದಿನ ನಾನು ಎರೆದು ಬಂದಾಗ ಇವಳು ಇನ್ನೂ ಆಕಳಿಸ್ತಾ ಇದ್ಲು. ಎರೆದದ್ದು ನಾನು ಕಣಪ್ಪಾ. ಹಸುವಿನ ಹಾಲು, ಮನೆ ತುಪ್ಪ."

ಗೋಪೀನಾಥ್ ಬಹಳ ಮೆತ್ತಗೆ, "ಅಜ್ಜಿ, ಅದು ಹಾವಲ್ಲ, ಕೇಬಲ್ಲು," ಎಂದರು.

"ಕೇಬಲ್ ಅಂತ ನನಗೂ ಗೊತ್ತು, ಕಣ್ಣು ಕಾಣುತ್ತೆ. ಜಾಗ ಅದೇ ತಾನೆ? ನಮ್ಮತ್ತೆ ಎರೀತಿದ್ದ ಜಾಗ. ಹುತ್ತ ಎತ್ತಿ ಲಾರಿಗೆ ಹಾಕಿದ್ರಿ. ನಾನು ಎಲ್ಲಿಗೆ ಎರೀಲಿ, ಲಾರಿ ಹಿಂದೆ ಓಡ್ಲಾ?"

ಆಮೇಲೆ ಅತ್ತೆ ಭೈರೇಶನ ಕಡೆ ತಿರುಗಿ, ಅರ್ಧಕ್ಕೆ ಕೆಲಸ ನಿಲ್ಲಿಸಿ ಅದನ್ನು ಬಾಯ್ತೆರೆದು ಮಲಗಿಸಿದವರು ಯಾರು ಎಂಬುದನ್ನೂ ಹೇಳು ಎಂದರು. ಅವನು ಫೋನು ನೋಡಿಕೊಂಡ. ಗೋಪೀನಾಥ್ ಆ ಕಡೆ ಹೋಗಿ ಕಂಟ್ರಾಕ್ಟರ ಜೊತೆ ಬಹಳ ಹೊತ್ತು ಮಾತಾಡಿ ಬಂದು, ಮಡಿವಾಳಪ್ಪನ ಕೈಯಲ್ಲೇ ಉಳಿದಿದ್ದ ಕಾರ್ಡನ್ನು ಅವನ ಜೇಬಿಗೇ ಹಾಕಿದರು. ಹೊಸ ಜಾಯಿಂಟಿನ ಸಾಮಾನು ಬರುವವರೆಗೆ ಕಾಯಬೇಕು, ಅವನೇ ಮಾಡಲಿ ಎಂದರು. ಮತ್ತೆ ತಡ.

ಒಳಗೆ ಬಂದ ಮೇಲೆ ಅತ್ತೆ ಕೇಳಿದರು, ನಿನಗೆ ಗೊತ್ತಿತ್ತಾ. ಗೊತ್ತಿತ್ತು ಎಂದೆ. ಮತ್ತೆ ಯಾಕೆ ನಿನ್ನ ತಲೆ ಮೇಲೆ ಹಾಕಿಕೊಂಡೆ ಎಂದರು. ಮಜ್ಜಿಗೆ ಕೊಟ್ಟೆ, ಕುಡಿದರು. ಗಿರಣಿಯ ಮಾತು ಎತ್ತಲಿಲ್ಲ. ಹೋಯಿತು ಎಂದುಕೊಂಡಿದ್ದೇನೆ.

ಜೋಳದ ಚೀಲ ಮತ್ತೆ ತಕ್ಕಡಿಯ ಪಕ್ಕಕ್ಕೆ ಬಂದಿದೆ. ಯಾರು ತಂದಿಟ್ಟರೋ ನೆನಪಿಲ್ಲ. ನಾನೇ ಇರಬೇಕು.

ಆಗಸ್ಟ್ 18, ಸೋಮವಾರ

ಮಳೆ. ಸಾಮಾನು ಬಂದಿಲ್ಲ. ಒಲೆ ನೆನೆಯುತ್ತದೆ ಎಂದು ಹೊನ್ನವ್ವನಿಗೆ ಗಿರಣಿಯ ಒಳಗೇ ಅಡಿಗೆ ಮಾಡಿಕೊಳ್ಳಲು ಹೇಳಿದೆ. ಹೊಗೆಗೆ ಕಣ್ಣು ಉರಿಯುತ್ತದೆ. ರೊಟ್ಟಿ ತಟ್ಟುವುದನ್ನು ಕಲಿಸಿಕೊಟ್ಟಳು. ನನ್ನದು ಆಂಧ್ರದ ನಕ್ಷೆಯಾಯಿತು ಎಂದು ಅವಳು ಹೇಳಿದಳು. ಮಡಿವಾಳಪ್ಪ ಮೊದಲ ಸಲ ನಕ್ಕ.

ಆಗಸ್ಟ್ 23, ಶನಿವಾರ

ಮಳೆ ಬಿಟ್ಟಿತು, ಜಾಯಿಂಟ್ ಆಯಿತು. ಬೆಳಿಗ್ಗೆಯೇ ಅತ್ತೆ ಭೈರೇಶನ ಆ ಪ್ಲಾಸ್ಟಿಕ್ ಕುರ್ಚಿಯನ್ನು ಗುಂಡಿಯ ಪಕ್ಕಕ್ಕೆ ಹಾಕಿಸಿಕೊಂಡು ಕೋಲು ಹಿಡಿದು ಕುಳಿತರು. ನಾಯಿ, ಮಕ್ಕಳು, ತರಕಾರಿ ಗಾಡಿ, ಯಾರನ್ನೂ ಹತ್ತಿರ ಬಿಡಲಿಲ್ಲ. ಗೋಪೀನಾಥ್ ಬಗ್ಗಿ ನೋಡಲು ಹೋದರೆ, ಬೆವರು ಬೀಳುತ್ತೆ, ಆ ಕಡೆ ಹೋಗಪ್ಪ ಎಂದು ಗದರಿಸಿದರು. ಮಡಿವಾಳಪ್ಪ ಮುಗಿಸಿ ಎದ್ದಾಗ ಅವರೂ ಎದ್ದರು. ಮಣ್ಣು ಮುಚ್ಚಿಸಿ, ಅದರ ಮೇಲೆ ಒಂದು ಹೂವು ಇಟ್ಟರು. ಹಾಲು ಇಲ್ಲ, ಒಣ ಹೂವು ಎಂದು ಮಡಿವಾಳಪ್ಪನಿಗೆ ತೋರಿಸಿಯೇ ಇಟ್ಟರು.

ಆಗಸ್ಟ್ 25, ಸೋಮವಾರ

ನಾಳೆ ಗೌರಿ, ನಾಡಿದ್ದು ಗಣೇಶ. ಮಧ್ಯಾಹ್ನ ಕರೆಂಟ್ ಬಂತು.

ಕಲ್ಲು ಒರೆಸಿ ಸಿದ್ಧ ಮಾಡುವಷ್ಟರಲ್ಲಿ ಬೀದಿಯೇ ಬಾಗಿಲಲ್ಲಿತ್ತು. ಶುಚಿ ಮಾಡಿದ ಕಲ್ಲಿಗೆ ಮೊದಲು ದೇವರ ಅಕ್ಕಿ, ಅದು ನಮ್ಮಲ್ಲಿ ಯಾವತ್ತೂ ಅತ್ತೆಯದೇ. ಮಡಿಯುಟ್ಟು, ಕಡುಬಿನ ಅಕ್ಕಿಯ ಸ್ಟೀಲ್ ಡಬ್ಬಿ ಹಿಡಿದು ಮುಂದೆಯೇ ನಿಂತಿದ್ದರು. ಎಲ್ಲರ ಹಿಂದೆ ಹೊನ್ನವ್ವ. ಇಲ್ಲಿನ ಕೆಲಸ ಮುಗಿದು ನಾಯಂಡಹಳ್ಳಿಗೆ ಹೋಗಬೇಕು, ಟೆಂಪೊ ಮೂಲೆಯಲ್ಲಿ ಹಾರನ್ ಹೊಡೆಯುತ್ತಿತ್ತು. ಚೀಲ ತೆಗೆದುಕೊಂಡು ಹೋಗಲು ಬಂದಿದ್ದಳು. ಬೀಸಿಕೊಡಿ ಎಂದು ಅವಳು ಕೇಳಲೂ ಇಲ್ಲ.

ನಾನು ಅತ್ತೆಯ ಡಬ್ಬಿಗೆ ಕೈ ಚಾಚಿದೆ. ಅವರು ಕೊಡಲಿಲ್ಲ.

"ಅವಳದ್ದು ಹಾಕು ಮೊದಲು. ಗಾಡಿ ಕಾಯ್ತಾ ಇದೆ."

"ಆಮೇಲೆ ನಿಮ್ಮ ಅಕ್ಕಿಗೆ ಜೋಳ ಸೇರುತ್ತೆ ಅತ್ತೆ. ದೇವರ ಕಡುಬು."

"ಸೇರಲಿ. ನಾನು ಅವರ ಕೇಬಲ್ಲಿಗೆ ಹಾಲು ಸೇರಿಸಲಿಲ್ವಾ?"

ಜೋಳ ಹಾಕಿದೆ. ಹಿಟ್ಟು ಬಿಸಿಯಾಗಿ ಬೀಳುವುದನ್ನು ಹೊನ್ನವ್ವ ಅಂಗೈಯಲ್ಲಿ ಹಿಡಿದು ನೋಡಿದಳು. ಚೀಲ ಹೊತ್ತು ಹೋಗುವಾಗ "ಬರ್ತೀನ್ರಿ ಅಕ್ಕಾರ" ಎಂದಳು. ಹೂಂ, ಬಾ ಎಂದೆ. ಕಣ್ಣಿಗೆ ಹಿಟ್ಟು ಬಿದ್ದಿತ್ತು.

ಅತ್ತೆಯ ಅಕ್ಕಿ ಕಲ್ಲಿಗೆ ಹಾಕಿದಾಗ ಭೈರೇಶ ಬಂದ, ಹಿಂದೆ ಟೇಪಿನವನು. ಬಾಗಿಲಲ್ಲೇ ನಿಂತು ಅಂಗಡಿಯ ಮಾತು ತೆಗೆದ. ಅತ್ತೆ ಕಿವಿಯ ಹಿಂದೆ ಕೈ ಇಟ್ಟು, ಮೋಟರ್ ಸದ್ದಿಗೆ ಏನೂ ಕೇಳಿಸ್ತಾ ಇಲ್ಲ ಕಣೋ ಎಂದರು. ಅವನು ಗಟ್ಟಿಯಾಗಿ ಕೂಗಿದ. ಇದು ತಿರುಗ್ತಾ ಇರೋವರೆಗೂ ನನಗೆ ಕೇಳಿಸಲ್ಲ, ಹೋಗು ಎಂದರು. ಅವರ ಕಿವಿಗೆ ಏನೂ ಆಗಿಲ್ಲ, ಪಕ್ಕದ ಮನೆಯ ಪಿಸುಮಾತೂ ಕೇಳಿಸುತ್ತದೆ.

ಇನ್ನು ಬರೆಯಲು ಪುರುಸೊತ್ತು ಸಿಗುವುದಿಲ್ಲ. ಅತ್ತೆಯ ಡಬ್ಬಿಯ ಮುಚ್ಚಳ ನೂಕುನುಗ್ಗಲಿನಲ್ಲಿ ಎಲ್ಲೋ ಕಳೆದಿದೆ. ಹಿಟ್ಟು ಬಿಳಿಯಾಗಿಯೇ ಇದೆ, ಬೆಳಕಿಗೆ ಹಿಡಿದರೆ ಒಂದಿಷ್ಟು ಜೋಳದ ಬಣ್ಣ. ದೂಳು ಬೀಳದ ಹಾಗೆ ಈ ಡೈರಿಯನ್ನೇ ಅದರ ಮೇಲೆ ಮುಚ್ಚುತ್ತೇನೆ.